ಲ್ಯಾಪ್‌ಟಾಪಿನ ಪಾಲು

ಚಳಿ ಬಲವಾಗಿತ್ತು. ಹೊಲದ ಮುಸುಕಿನ ಜೋಳವೆಲ್ಲ ಮನೆ ಸೇರಿ, ಅಂಗಳದಲ್ಲಿ ಕಾಳು ಬಿಡಿಸುವ ಕೆಲಸ ನಡೆದಿತ್ತು. ಅತ್ತೆ ಬೆಳಗಿನ ಬಿಸಿಲಿಗೆ ಬೆನ್ನು ಕೊಟ್ಟು ಕೂತು, ಬರಿದಾದ ಬೆಂಡಿನಿಂದ ಇನ್ನೊಂದು ತೆನೆಯನ್ನು ಉಜ್ಜಿ ಕಾಳು ಉದುರಿಸುತ್ತಿದ್ದಳು. ಕೈ ಜೋಳದ ಮೇಲಿದ್ದರೂ ಕಿವಿ ಮನೆಯೊಳಗಿತ್ತು. ನಡುಮನೆಯಿಂದ ಟಕಟಕ ಶಬ್ದ ಬರುವಷ್ಟು ಹೊತ್ತು ಅವಳಿಗೆ ನೆಮ್ಮದಿ. ಅದು ನಿಂತರೆ ಅವಳ ಕೈಯೂ ನಿಲ್ಲುತ್ತಿತ್ತು.

ನಿಂತಿತು.

"ಹೋಯ್ತು, ಮತ್ತೆ ಹೋಯ್ತು" ಎಂದಳು ಸೊಸೆ ಒಳಗಿನಿಂದ.

ಅತ್ತೆ ಮಂಡಿಗೆ ಕೈಯೂರಿ ಎದ್ದು, ಸೆರಗಿಗೆ ಅಂಟಿದ ಹೊಟ್ಟು ಕೊಡವಿಕೊಂಡು ಒಳಗೆ ಬಂದಳು. "ಇನ್ನೊಂದ್ಸಲ ಹಚ್ಚು ತಾಯಿ. ಬೇಜಾರು ಮಾಡ್ಕೋಬೇಡ."

ಸೊಸೆ ಪೇಟೆಯ ಶಾಲೆಗಳಿಗೆ ಪ್ರಶ್ನೆಪತ್ರಿಕೆ ಟೈಪ್ ಮಾಡಿಕೊಡುತ್ತಿದ್ದಳು. ಅದಕ್ಕೆಂದೇ ಕೊಂಡ ಲ್ಯಾಪ್‌ಟಾಪು ಮೊದಲ ವಾರ ಸುಮ್ಮನೆ ಹೇಳಿದ ಮಾತು ಕೇಳಿಕೊಂಡಿತ್ತು. ಆಮೇಲೆ ಹೇಳದೆ ಕೇಳದೆ ಆರಿಹೋಗಲು ಶುರುಮಾಡಿತು. ಗಣಿತದ ಪತ್ರಿಕೆಯ ಏಳನೆಯ ಪ್ರಶ್ನೆ ಬಂತೆಂದರೆ ಸಾಕು, ಪರದೆ ಕಪ್ಪು. ಏಳನೆಯದು ತೊಟ್ಟಿಗೆ ನೀರು ತುಂಬುವ ನಲ್ಲಿಗಳ ಲೆಕ್ಕ. ಗಂಡ ನೀರೆತ್ತುವ ಪಂಪುಗಳ ರಿಪೇರಿಯವನು. ಅವನಿಗೆ ಲೋಕದ ಕಾಯಿಲೆಗಳೆಲ್ಲ ಪಂಪಿನ ಕಾಯಿಲೆಗಳೇ. "ಒಳಗೆಲ್ಲೋ ಗಾಳಿ ಹಿಡಿದಿರುತ್ತೆ" ಎಂದು ಲ್ಯಾಪ್‌ಟಾಪನ್ನು ಒಮ್ಮೆ ಬಗ್ಗಿಸಿ, ಮೆಲ್ಲಗೆ ತಟ್ಟಿ ನೋಡಿದ್ದ.

ಇದೇ ಯಂತ್ರ ಮನೆಗೆ ಬಂದ ದಿನ ಅತ್ತೆ ಮೂಗು ಮುರಿದಿದ್ದಳು. ಕರೆಂಟಿಗೆ ದಂಡ, ಕಣ್ಣಿಗೆ ದಂಡ, ಕೂತವಳು ಏಳುವುದಿಲ್ಲ ಎಂದಿದ್ದಳು. ಈಗ ನೋಡಿದರೆ ಮೇಜಿನ ಪಕ್ಕದಲ್ಲೇ ಸ್ಟೂಲು ಹಾಕಿಕೊಂಡು, ಉಲ್ಲನ್ ಬುಟ್ಟಿಯನ್ನು ಲ್ಯಾಪ್‌ಟಾಪಿನ ಬೆನ್ನಿಗೆ ಒರಗಿಸಿಟ್ಟು, ಸೊಸೆಗೆ ಕಾವಲು ಕೂರುತ್ತಿದ್ದಳು. ಸೊಸೆ ಪಾತ್ರೆ ತೊಳೆಯಲು ಎದ್ದರೆ, "ಇರಲಿ ಬಿಡೇ, ನಾನು ತೊಳೀತೀನಿ. ನೀನು ಟೈಪ್ ಮಾಡು" ಎನ್ನುತ್ತಿದ್ದಳು. ಮದುವೆಯಾಗಿ ಇಷ್ಟು ವರ್ಷದಲ್ಲಿ ಕೇಳದ ಮಾತು. ಸೊಸೆ ಗಂಡನ ಹತ್ತಿರ, "ನಿಮ್ಮಮ್ಮನಿಗೆ ಹುಷಾರಿಲ್ವಾ?" ಎಂದು ವಿಚಾರಿಸಿದಳು.

ಅತ್ತೆ ಹುಷಾರಾಗಿಯೇ ಇದ್ದಳು. ಉಲ್ಲನ್ ಉಂಡೆಗಳ ಕೆಳಗೆ ಹನ್ನೊಂದು ಮೊಟ್ಟೆಗಳಿದ್ದವು.

ಕೋಳಿಯನ್ನು ಕಾವಿಗೆ ಕೂರಿಸುವುದರಲ್ಲಿ ಅತ್ತೆಯ ಕೈಗುಣ ಸುತ್ತಲಿನವರಿಗೆಲ್ಲ ಗೊತ್ತು. ಅವಳು ಕಾವಿಗಿಟ್ಟ ಮೊಟ್ಟೆ ಕೆಟ್ಟದ್ದಿಲ್ಲ ಎಂಬ ಮಾತಿತ್ತು. ಆ ಮಾತನ್ನು ಹೆಚ್ಚಾಗಿ ಆಡುತ್ತಿದ್ದವಳು ಅವಳೇ. ಅದನ್ನು ನಂಬಿ ಪಕ್ಕದ ಮನೆಯ ದರ್ಜಿಯಮ್ಮ ತನ್ನ ಕಂದು ಹೇಂಟೆಯನ್ನು ಪಾಲಿಗೆ ಕೊಟ್ಟಿದ್ದಳು. ಕೋಳಿ ಅವಳದು, ಮೊಟ್ಟೆ ಅತ್ತೆಯದು, ಮರಿಗಳಲ್ಲಿ ಅರ್ಧ ಅರ್ಧ. ಹೇಂಟೆ ಎರಡು ವಾರ ಅಲ್ಲಾಡದೆ ಕೂತಿತು. ಆಮೇಲೆ ಒಂದು ಸಂಜೆ ಕಾಲು ಬಿಡಿಸಿಕೊಳ್ಳಲು ಹಿತ್ತಿಲಿಗೆ ಹೋದದ್ದನ್ನು ಬೀದಿನಾಯಿ ಕಚ್ಚಿಕೊಂಡು ಹೋಯಿತು. ಅತ್ತೆಯ ಕೈಗೆ ಸಿಕ್ಕಿದ್ದು ನಾಲ್ಕು ಗರಿ.

ಮೊಟ್ಟೆಯೊಳಗಿನ ಜೀವ ಆಗಲೇ ಬಲಿತಿತ್ತು. ಇನ್ನೊಂದು ವಾರದ ಬಿಸಿ ಸಿಕ್ಕಿದರೆ ಸಾಕು. ರಾತ್ರಿಯ ಹೊತ್ತು ಒಲೆಯ ಪಕ್ಕದ ಬೆಚ್ಚನೆ ಬೂದಿಯಿತ್ತು. ಹಗಲಿಗೇನು ಮಾಡುವುದು? ಬಲ್ಬು ಹಚ್ಚಿ ನೋಡಿದಳು. ಈಗಿನ ಬಲ್ಬು ಬೆಳಕು ಕೊಡುತ್ತದೆಯೇ ಹೊರತು ಬಿಸಿ ಕೊಡುವುದಿಲ್ಲ. ಹಾಗೆ ದಾರಿ ಕಾಣದೆ ಇದ್ದಾಗ, ಮೇಜು ಒರೆಸಲು ಹೋದ ಕೈಗೆ ಲ್ಯಾಪ್‌ಟಾಪಿನ ಹಿಂದಿನಿಂದ ಹೇಂಟೆಯ ಹೊಟ್ಟೆಯಂಥದೇ ಹದವಾದ ಬಿಸಿಗಾಳಿ ತಗುಲಿತು.

ಸೊಸೆಗೆ ಹೇಳುವಂತಿರಲಿಲ್ಲ. ಸೊಸೆಯ ಕಿವಿಗೆ ಬಿದ್ದದ್ದು ಸಂಜೆಯೊಳಗೆ ದರ್ಜಿಯಮ್ಮನ ಹೊಲಿಗೆ ಯಂತ್ರದ ಮುಂದಿರುತ್ತಿತ್ತು. ಇಬ್ಬರೂ ಅಷ್ಟು ಗೆಳತಿಯರು. ದರ್ಜಿಯಮ್ಮನಂತೂ ದಿನಕ್ಕೊಮ್ಮೆ ಬೇಲಿಯ ಮೇಲೆ ಮುಖ ಇಡುವಳು.

"ಅಕ್ಕಾ, ನನ್ನ ಕೋಳಿ ಹೇಗಿದೆ?"

"ಕೂತಿದೆ ಕಣೇ. ಕಾವಿನ ಮೇಲಿರೋದನ್ನ ಬಂದು ಬಂದು ನೋಡಬಾರದು."

"ಕಾಳು ಗೀಳು ತಿಂತಿದೆಯಾ?"

"ಈಗ ಅದಕ್ಕೇನೂ ಬೇಡ" ಎಂದಳು ಅತ್ತೆ. ಆ ಮಾತಿನಲ್ಲಿ ಸುಳ್ಳಿರಲಿಲ್ಲ.

ಹೀಗೆ ಅತ್ತೆಯ ಮರ್ಯಾದೆಯೆಲ್ಲ ಆ ಬುಟ್ಟಿಯಲ್ಲಿತ್ತು. ಮರಿ ಎದ್ದರೆ ಕೋಳಿ ಸತ್ತದ್ದನ್ನು ಹೇಗೋ ಹೇಳಬಹುದು. ಮರಿಯೂ ಇಲ್ಲ, ಕೋಳಿಯೂ ಇಲ್ಲ ಎಂದರೆ ದರ್ಜಿಯಮ್ಮನ ಬಾಯಿಯನ್ನು ಯಾವ ದಾರದಿಂದಲೂ ಹೊಲಿಯಲಾಗುತ್ತಿರಲಿಲ್ಲ. ಅತ್ತೆ ದಿನಕ್ಕೆ ಮೂರು ಸಲ ಮೊಟ್ಟೆಗಳನ್ನು ಮಗ್ಗುಲು ತಿರುಗಿಸುವಳು. ಒಂದೊಂದನ್ನೇ ರೆಪ್ಪೆಗೆ ತಾಗಿಸಿ ಬಿಸಿ ನೋಡುವಳು. ಬುಟ್ಟಿಯ ಅಂಚಿಗೆ ಒದ್ದೆ ಬಟ್ಟೆ ಸುತ್ತುವಳು. ಇಷ್ಟು ಕಣ್ಣಲ್ಲಿ ಕಣ್ಣಿಟ್ಟು ಕಾಯುತ್ತಿರುವಾಗ ಈ ದರಿದ್ರ ಯಂತ್ರ ಗಳಿಗೆಗೊಮ್ಮೆ ಆರಿ ತಣ್ಣಗಾಗಬೇಕೇ?

ಮಗ ಕರೆಂಟಿನ ಮೇಲೆ ಅನುಮಾನಪಟ್ಟ. ಎಲೆಕ್ಟ್ರಿಷಿಯನ್ ಬಂದು ಪ್ಲಗ್ ಬದಲಾಯಿಸಿದ, ಗೋಡೆಗೊಂದು ತೂತು ಕೊರೆದ, ಚಹಾ ಕುಡಿದ, ಈಗ ಸರಿಯಾಯಿತು ಎಂದು ಹೋದ. ಅವನ ಸೈಕಲ್ಲು ತಿರುವಿನಲ್ಲಿ ಮರೆಯಾಗುವ ಮೊದಲೇ ಲ್ಯಾಪ್‌ಟಾಪು ಆರಿತು. ಮೇಜಿನ ಜಾಗ ಸರಿಯಿಲ್ಲವೇನೋ ಎಂದು ಕಿಟಕಿಯ ಪಕ್ಕಕ್ಕೆ ಸರಿಸಿದರು. ಹಿಂದೆಯೇ ಬುಟ್ಟಿಯೂ ಹೋಯಿತು.

ಮಾರನೆಯ ದಿನ ಮಗ ಅದನ್ನು ತನ್ನ ಶೆಡ್ಡಿಗೇ ಒಯ್ದ. ಗ್ರೀಸು, ಧೂಳು, ಮೋಟಾರುಗಳ ಗದ್ದಲದ ನಡುವೆ ಅದು ದಿನವಿಡೀ ಸಿನಿಮಾ ತೋರಿಸಿತು, ಒಮ್ಮೆಯೂ ಆರಲಿಲ್ಲ. ಇತ್ತ ಅತ್ತೆ ಶಾಲು ಹೊದ್ದು, ಮೊಟ್ಟೆಗಳನ್ನು ಮಡಿಲಲ್ಲಿ ಕಟ್ಟಿಕೊಂಡು, ಗೋಡೆಗೆ ಒರಗಿ ಬೆಳಗಿನಿಂದ ಸಂಜೆಯವರೆಗೆ ಅಲುಗದೆ ಕೂತಿದ್ದಳು. ಅಂಗಳದ ಜೋಳ ಹಾಗೆಯೇ ಬಿದ್ದಿತ್ತು. ಸೊಸೆ ಹಣೆ ಮುಟ್ಟಿ ನೋಡಿದಳು.

"ಜ್ವರ ಇಲ್ಲವಲ್ಲ ಅತ್ತೆ?"

"ಸೊಂಟ ಹಿಡಿದಿದೆ. ನೀನು ದೂರ ಇರು, ಅಂಟಿಕೊಂಡೀತು."

"ಸೊಂಟ ಹಿಡಿಯೋದು ಅಂಟಿಕೊಳ್ಳುತ್ತಾ?"

"ಈಗಿನ ಕಾಲದಲ್ಲಿ ಯಾವುದನ್ನೂ ನಂಬೋ ಹಾಗಿಲ್ಲ."

ಸಂಜೆ ಲ್ಯಾಪ್‌ಟಾಪನ್ನು ಮಗನ ಕಂಕುಳಲ್ಲಿ ಕಂಡಾಗ ಅತ್ತೆಗೆ ಹೋದ ಜೀವ ಬಂದಂತಾಯಿತು. ಆದರೆ ಮಗ ತಂದ ಸುದ್ದಿ ಬೇರೆ. "ಶೆಡ್ಡಲ್ಲಿ ಒಂದ್ಸಲವೂ ಆರಲಿಲ್ಲ, ಆದರೆ ಮನೇಲಿ ಮತ್ತೆ ಕೈಕೊಡುತ್ತೆ. ಇದನ್ನ ಕೊಂಡ ಅಂಗಡಿಯವನ ಜೊತೆ ಮಾತಾಡಿದೆ. ನಾಳೆ ಸಂಜೆ ಅವನೇ ಬಂದು ತಗೊಂಡು ಹೋಗ್ತಾನೆ. ಹೊಸದು ಬರೋಕೆ ಒಂದು ತಿಂಗಳು."

ಅತ್ತೆ ಮಡಿಲ ಮೇಲಿನ ಶಾಲು ಎಳೆದುಕೊಂಡಳು. "ನಾಳೇನಾ? ಇನ್ನು ಮೂರು ದಿನ ನೋಡೋಣ ಕಣೋ. ಹೊಸ ಜಾಗ, ಪಾಪ, ಹೊಂದಿಕೊಳ್ಳಬೇಡ್ವಾ?"

"ಅಮ್ಮ, ಅದು ಸೊಸೆಯಲ್ಲ, ಯಂತ್ರ."

"ಸೊಸೆಗೆ ನೀವು ಮೂರು ದಿನ ಕೊಟ್ಟಿರಲಿಲ್ಲ" ಎಂದು ಸೊಸೆ ಒಳಗಿನಿಂದ ಸೇರಿಸಿದಳು.

ಮರುದಿನ ಬೆಳಿಗ್ಗೆ ಅತ್ತೆ ಹೊಸ ಉಪಾಯ ತೆಗೆದಳು. ಟೈಪ್ ಮಾಡುವಾಗಿನದಕ್ಕಿಂತ ಮುಖ ನೋಡಿ ಮಾತಾಡುವಾಗ ಯಂತ್ರ ಹೆಚ್ಚು ಬಿಸಿಯಾಗಿ ರೊಯ್ಯೆನ್ನುವುದನ್ನು ಅವಳು ಗಮನಿಸಿದ್ದಳು. ಉಳಿದಿರುವುದು ಒಂದೇ ಹಗಲು. ಸಿಕ್ಕಷ್ಟು ಬಿಸಿ ಸಿಗಲಿ.

"ಯಾಕೇ, ನಿಮ್ಮಮ್ಮನಿಗೆ ಒಂದು ಕರೆ ಮಾಡಬಾರದಾ? ಮುಖ ಕಾಣೋ ಥರ?"

ಸೊಸೆಯ ಕೈಯ ಲೋಟ ಅಲ್ಲೇ ನಿಂತಿತು. ಮದುವೆಯ ದಿನ ಯಾರನ್ನು ಮುಂದಿನ ಸಾಲಿನ ಕುರ್ಚಿಯಲ್ಲಿ ಕೂರಿಸಬೇಕಿತ್ತು ಎಂಬ ವಿಷಯಕ್ಕೆ ಶುರುವಾದ ಜಗಳದಿಂದ ಬೀಗತಿಯರಿಬ್ಬರಿಗೂ ಮಾತಿರಲಿಲ್ಲ. ಈಗ ಅತ್ತೆ ಪರದೆಯ ಮುಂದೆ ಕೂತು ಬೀಗತಿಯ ಮಂಡಿನೋವು ವಿಚಾರಿಸಿದಳು. ಅದು ಮುಗಿಯಿತೆಂದು ಹಲ್ಲುನೋವು ವಿಚಾರಿಸಿದಳು. ಬೀಗತಿ ಮೊದಲು ಬಿಗಿಯಾಗಿಯೇ ಉತ್ತರ ಕೊಟ್ಟಳು, ಆಮೇಲೆ ಕಣ್ಣೊರೆಸಿಕೊಂಡಳು. "ಅವತ್ತು ನೀವು ಮುಂದೆ ಕೂತಿದ್ದರೆ ಏನಾಗ್ತಿತ್ತು ಅಂತ ನನಗೂ ಅನ್ನಿಸಿದೆ" ಎನ್ನುವಷ್ಟರಲ್ಲಿ ಪರದೆ ಕಪ್ಪಾಯಿತು.

"ಇದು ಮನುಷ್ಯರ ಮನೆ ಒಡೆಯೋ ಯಂತ್ರ" ಎಂದಳು ಸೊಸೆ. ತಾಳ್ಮೆ ಮುಗಿದಿತ್ತು. ಮೊಬೈಲು ತೆಗೆದು ಕಂಪನಿಯ ಸಹಾಯವಾಣಿಗೆ ಕರೆ ಮಾಡಿ, ಧ್ವನಿ ಜೋರು ಮಾಡಿ ಮೇಜಿನ ಮೇಲಿಟ್ಟಳು. ಹಾಡು ಮುಗಿದು ಒಬ್ಬ ಹುಡುಗಿ ಮಾತಿಗೆ ಬಂದಳು. ಕೇಳಿದ್ದನ್ನೇ ಕೇಳುವ, ಸಿಟ್ಟಾಗದ ದನಿ.

"ಲ್ಯಾಪ್‌ಟಾಪ್ ಹಾಸಿಗೆ ಮೇಲೆ ಇಟ್ಟಿದ್ದೀರಾ ಮೇಡಂ?"

"ಇಲ್ಲ, ಮೇಜಿನ ಮೇಲೆ."

"ಹಿಂದುಗಡೆ ಬಿಸಿಗಾಳಿ ಹೊರಗೆ ಹೋಗೋ ಕಿಂಡಿಗೆ ಏನಾದರೂ ಅಡ್ಡ ಇದೆಯಾ? ಅದು ಮುಚ್ಚಿಹೋದರೆ ಒಳಗೆ ಬಿಸಿ ಏರಿ ತಾನೇ ಆಫ್ ಆಗುತ್ತೆ."

ಸೊಸೆ ಬಗ್ಗಿ ನೋಡಿದಳು. "ಏನಿಲ್ಲ. ನಮ್ಮತ್ತೆ ಉಲ್ಲನ್ ಬುಟ್ಟಿ ಒಂದಿದೆ."

"ಅದನ್ನ ತೆಗೆದು ನೋಡಿ ಮೇಡಂ."

ಅತ್ತೆಗೆ ಎಲ್ಲವೂ ಒಟ್ಟಿಗೆ ತಿಳಿಯಿತು. ಶೆಡ್ಡಿನಲ್ಲಿ ಅದು ಆರದೆ ಉಳಿದದ್ದು ಇದಕ್ಕೇ. ತಾನು ಯಂತ್ರದ ಬಿಸಿಯನ್ನಷ್ಟೇ ಎರವಲು ಪಡೆಯುತ್ತಿದ್ದೇನೆ ಎಂದುಕೊಂಡಿದ್ದಳು. ಇಷ್ಟು ದಿನ ಅದರ ಮೂಗನ್ನೇ ಹಿಡಿದು ಕೂತಿದ್ದಳು. ಸೊಸೆ ಬುಟ್ಟಿಗೆ ಕೈ ಚಾಚಿದಳು.

"ಮುಟ್ಟಬೇಡ" ಎಂದು ಅತ್ತೆ ಎರಡೂ ಕೈಯಿಂದ ಬುಟ್ಟಿ ತಬ್ಬಿಕೊಂಡಳು.

ಬುಟ್ಟಿಯೊಳಗಿಂದ ಚಿಂವ್ ಎಂದಿತು.

"ಅದೇನು ಶಬ್ದ ಮೇಡಂ?" ಎಂದಳು ಫೋನಿನ ಹುಡುಗಿ. "ಫ್ಯಾನಿಂದಾ? ಫೋನ್ ಸ್ವಲ್ಪ ಹತ್ತಿರ ಹಿಡೀರಿ."

ಸೊಸೆ ಏನೂ ತೋಚದೆ ಹಿಡಿದಳು. ಚಿಂವ್, ಚಿಂವ್. ಆ ಕಡೆಯ ದನಿ ಈಗ ಬೇರೆಯಾಗಿತ್ತು. ಓದಿ ಹೇಳುವುದು ಹೋಗಿ ಆಡುವ ಮಾತು ಬಂದಿತ್ತು. "ಮೇಡಂ, ಇದು ಫ್ಯಾನಲ್ಲ. ಮರಿ ಒಳಗಿಂದ ಸಿಪ್ಪೆ ಕುಕ್ಕುತ್ತಿದೆ. ನಮ್ಮಮ್ಮನೂ ಕೋಳಿ ಕಾವಿಗೆ ಕೂರಿಸ್ತಾ ಇದ್ದರು. ಸಿಪ್ಪೆಗೆ ಕೈ ಹಾಕಬೇಡಿ, ತಾನೇ ಬರುತ್ತೆ. ಬಿಸಿ ಮಾತ್ರ ತಪ್ಪಿಸಬೇಡಿ." ಮತ್ತೆ ಏನೋ ನೆನಪಾದಂತೆ, "ಈ ಕರೆ ರೆಕಾರ್ಡ್ ಆಗ್ತಿದೆ ಮೇಡಂ, ನಾನು ಹೇಳಿದ್ದು ಬುಟ್ಟಿ ತೆಗೀಬೇಕು ಅಂತಲೇ" ಎಂದು ಫೋನಿಟ್ಟಳು.

ಅತ್ತೆ ಸ್ಟೂಲಿನ ಮೇಲೆ ಕೂತಳು. ನಾಯಿ, ನಾಲ್ಕು ಗರಿ, ದರ್ಜಿಯಮ್ಮ, ಎಲ್ಲವನ್ನೂ ಹೇಳಿದಳು. "ನಿನ್ನ ಕೆಲಸ ನಾನೇ ಕೆಡಿಸಿದೆ ಕಣೇ. ಬೇಕಂತ ಅಲ್ಲ. ಬೂದಿ ಆಗಲೇ ಆರಿದೆ, ಒಲೆ ಹಚ್ಚೋಣ ಅಂದರೆ ಬೆಂದುಹೋಗ್ತವೆ."

ಸೊಸೆ ಉಲ್ಲನ್ ಸರಿಸಿ ನೋಡಿದಳು. ಒಂದು ಮೊಟ್ಟೆಯಲ್ಲಿ ನಕ್ಷತ್ರದಂಥ ಬಿರುಕು. ಬಿರುಕಿನೊಳಗೆ ಸಾಸಿವೆಯಷ್ಟು ಕೊಕ್ಕು.

"ನನ್ನ ಏಳನೇ ಪ್ರಶ್ನೆ ನುಂಗಿದ್ದು ಇವೇನಾ?" ಎಂದಳು. ಗಣಿತದ ಪತ್ರಿಕೆ ಸಂಜೆಯೊಳಗೆ ಶಾಲೆಗೆ ಸೇರಬೇಕಿತ್ತು. ಬುಟ್ಟಿ ತೆಗೆದರೆ ಒಂದು ಗಂಟೆಯ ಕೆಲಸ. ಅವಳು ಅತ್ತೆಯ ಮುಖ ನೋಡಿದಳು, ಬುಟ್ಟಿ ನೋಡಿದಳು. ಆಮೇಲೆ ಬುಟ್ಟಿಯನ್ನು ಕಿಂಡಿಗೆ ಇನ್ನಷ್ಟು ಒತ್ತಿಟ್ಟು, ಲ್ಯಾಪ್‌ಟಾಪು ಹಚ್ಚಿ, ಮತ್ತೆ ತನ್ನ ತಾಯಿಗೇ ಕರೆ ಮಾಡಿದಳು. "ಅಮ್ಮ, ಕತ್ತಲಾಗೋವರೆಗೂ ಮಾತಾಡ್ತಾ ಇರು. ಕಟ್ ಆದರೆ ಮತ್ತೆ ಮಾಡ್ತೀವಿ." ಬಿಳಿ ಹಾಳೆ, ಪೆನ್ನು, ಅಳತೆಪಟ್ಟಿ ಹುಡುಕಿಕೊಂಡು ನೆಲದ ಮೇಲೆ ಕೂತು, ಮೊದಲನೆಯ ಪ್ರಶ್ನೆಯಿಂದ ಕೈಯಲ್ಲೇ ಬರೆಯತೊಡಗಿದಳು.

ಸಂಜೆ ಮಗ ಅಂಗಡಿಯವನನ್ನು ಕರೆದುಕೊಂಡು ಬಂದಾಗ, ಹೆಂಡತಿ ನೆಲದ ಮೇಲೆ ನಲ್ಲಿಗಳ ಚಿತ್ರ ಬರೆಯುತ್ತಿದ್ದಳು. ಪರದೆಯೊಳಗಿನ ಬೀಗತಿ, ಪರದೆಯ ಹೊರಗಿನ ಅತ್ತೆ ಇಬ್ಬರೂ ಬುಟ್ಟಿಯಿಂದ ಪರದೆಯ ಮುಂದಕ್ಕೆ ಎತ್ತಿ ಹಿಡಿದ ಮರಿಯನ್ನು ನೋಡುತ್ತ, "ಇಗೋ, ಇನ್ನೊಂದು" ಎನ್ನುತ್ತಿದ್ದರು. ಅಂಗಡಿಯವನು ಬುಟ್ಟಿ ನೋಡಿದ, ಕಿಂಡಿ ನೋಡಿದ. "ಇದು ವಾರಂಟಿಯಲ್ಲಿ ಬರಲ್ಲ" ಎಂದ. ಲ್ಯಾಪ್‌ಟಾಪು ಮನೆಯಲ್ಲೇ ಉಳಿಯಿತು. ಬೆಳಗಿನ ಹೊತ್ತಿಗೆ ಒಂಬತ್ತು ಮರಿಗಳಾಗಿದ್ದವು. ಎರಡು ಮೊಟ್ಟೆ ಮಾತ್ರ ಸುಮ್ಮನಿದ್ದವು. ಅವನ್ನು ಅತ್ತೆ ಲೆಕ್ಕಕ್ಕೆ ಹಿಡಿಯಲಿಲ್ಲ.

ದರ್ಜಿಯಮ್ಮನನ್ನು ಕರೆದು, ಮೊದಲು ಮರಿ ತೋರಿಸಿ, ಅವಳ ಮುಖ ಅರಳಿದಾಗ ಕೋಳಿಯ ವಿಷಯ ಹೇಳಿದಳು.

"ಅಂದರೆ ಇಷ್ಟು ದಿನ 'ಕೂತಿದೆ' ಅಂದಿದ್ದು?"

"ನಾನು ಕೂತಿದ್ದೆ."

ದರ್ಜಿಯಮ್ಮ ಬೈಯಲು ಬಾಯಿ ತೆರೆದಳು. ಅತ್ತೆ ಮಡಿಲಲ್ಲಿ ಮೊಟ್ಟೆ ಕಟ್ಟಿಕೊಂಡು ದಿನವಿಡೀ ಗೋಡೆಗೆ ಒರಗಿದ್ದ ಕತೆಯನ್ನು ಸೊಸೆ ಹೇಳಿದ ಮೇಲೆ ನಗು ತಡೆಯಲಾಗದೆ ಬಾಗಿಲಿಗೆ ಒರಗಿದಳು. ನಕ್ಕು ಮುಗಿದ ಮೇಲೆ ಲೆಕ್ಕಕ್ಕೆ ಬಂದಳು. "ನನಗೆ ನಾಲ್ಕು, ನಿಮಗೆ ನಾಲ್ಕು. ಒಂಬತ್ತನೇದು ಯಾರದು? ಕೋಳಿ ಕಳಕೊಂಡವಳು ನಾನು."

"ಒಂಬತ್ತನೇದು ಲ್ಯಾಪ್‌ಟಾಪಿಂದು" ಎಂದಳು ಅತ್ತೆ. "ನಿನ್ನ ಕೋಳಿ ಬಿಟ್ಟು ಹೋದ ಮೇಲೆ ಕೂತಿದ್ದು ಅದು. ಅದರ ಪಾಲು ನನ್ನ ಸೊಸೆಗೆ. ನಿನ್ನ ಕೋಳಿಗೆ ಬದಲಾಗಿ ನನ್ನ ನಾಲ್ಕರಲ್ಲಿ ಮೊದಲು ಮೊಟ್ಟೆಗೆ ಬರೋ ಹೇಂಟೆ ನಿನಗೆ."

ದರ್ಜಿಯಮ್ಮ ಒಪ್ಪಿದಳು. ತನ್ನ ನಾಲ್ಕು ಮರಿಗಳನ್ನು ಸೆರಗಿನಲ್ಲಿ ಕಟ್ಟಿಕೊಂಡು ಹೋದಳು.

ಮಾರನೆಯ ಬೆಳಿಗ್ಗೆ ಸೊಸೆ ಮೇಜಿನ ಮುಂದೆ ಕೂತಳು. ಹಿಂದೆ ಬುಟ್ಟಿಯಿರಲಿಲ್ಲ. ವಿಜ್ಞಾನದ ಪತ್ರಿಕೆ ಏಳನೆಯ ಪ್ರಶ್ನೆ ದಾಟಿತು, ಎಂಟು ದಾಟಿತು. ಫ್ಯಾನು ರೊಯ್ಯೆನ್ನತೊಡಗಿತು. ಅಂಗಳದಲ್ಲಿ ಜೋಳದ ನಡುವೆ ಕೆದಕುತ್ತಿದ್ದ ಐದು ಮರಿಗಳು ತಲೆಯೆತ್ತಿ, ಹೊಸ್ತಿಲು ಹತ್ತಿ, ಮೇಜಿನ ಕಾಲಿನ ಬಳಿಗೆ ಓಡಿಬಂದವು. ಅವುಗಳ ಹಿಂದೆ ಬೇಲಿ ನುಸುಳಿ ಇನ್ನು ನಾಲ್ಕು.

ದರ್ಜಿಯಮ್ಮ ಬಂದು ನಾಲ್ಕನ್ನು ಹಿಡಿದು ಒಯ್ದಳು. ಮಧ್ಯಾಹ್ನ ಅವು ಮತ್ತೆ ಬಂದವು. ಸಂಜೆ ಮತ್ತೆ ಒಯ್ದಳು. ಮೂರನೆಯ ದಿನ ಬೇಲಿಯ ಮೇಲೆ ಮುಖವಿಟ್ಟು ಕೇಳಿದಳು:

"ಅಕ್ಕಾ, ನನ್ನ ಪಾಲು ಕೊಟ್ಟಿದ್ದೀರೋ ಇಲ್ಲವೋ?"

"ದಿನಾ ಕೊಡ್ತಾ ಇದ್ದೀನಲ್ಲೇ" ಎಂದಳು ಅತ್ತೆ, ಬಿಸಿಲಿಗೆ ಬೆನ್ನು ತಿರುಗಿಸಿ, ಇನ್ನೊಂದು ತೆನೆ ಎತ್ತಿಕೊಳ್ಳುತ್ತ.