ಗಂಡನ ಹೆಸರಿನ ಆಟ

"ಪ್ರಿಯ ಬಸವಲಿಂಗ, ಹೊಸ ಕಾನೂನಿನಂತೆ ಹಣ ಕಟ್ಟಿ ಆಡುವ ಎಲ್ಲ ಆಟಗಳನ್ನು ನಿಲ್ಲಿಸಿದ್ದೇವೆ. ಇಷ್ಟು ದಿನ ನಮ್ಮೊಂದಿಗೆ ಆಡಿದ್ದಕ್ಕೆ ವಂದನೆಗಳು."

ದಾಕ್ಷಾಯಿಣಿ ಮೊಬೈಲಿನಲ್ಲಿ ಇದನ್ನು ಮೂರನೆಯ ಸಲ ಓದಿದಳು. ಹೊಲಿಗೆ ಯಂತ್ರದ ಸೂಜಿಯ ಕೆಳಗೆ ಯಾರದೋ ಜಂಪರು ಅರ್ಧಕ್ಕೆ ನಿಂತಿತ್ತು. ಬೀಳ್ಕೊಡುವಾಗಲಾದರೂ ತನ್ನ ಹೆಸರು ಹಿಡಿದು ಕರೆಯಬಾರದಿತ್ತೇ ಎನ್ನಿಸಿತು. ಆಟದ ಕಂಪನಿಯವರಿಗೇನು ಗೊತ್ತು?

ಮೂರು ವರ್ಷ, ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ, ಈ ಮೊಬೈಲಿನೊಳಗೆ ಪೋಕರ್ ಆಡಿದವಳು ಆಕೆ. ಹೆಸರು, ಪ್ಯಾನ್ ಕಾರ್ಡು ಗಂಡನದು. "ಹೆಣ್ಮಗಳ ಹೆಸರಲೆ ಇಸ್ಪೀಟ ಬ್ಯಾಡ. ಮೂಡಲಗಿ ಮಂದಿ ಬಾಯಿ ಗೊತ್ತಿಲ್ಲೇನ ನಿನಗ?" ಎಂದಿದ್ದ ಬಸವಲಿಂಗನೇ, ಆಕೆ ಗೆಲ್ಲತೊಡಗಿದ ಮೇಲೆ ತನ್ನ ಮೋಟಾರ್ ರಿವೈಂಡಿಂಗ್ ಅಂಗಡಿಗೆ ಬಂದವರಿಗೆಲ್ಲ ಆಟಗಾರರ ಪಟ್ಟಿಯಲ್ಲಿ ತನ್ನ ಹೆಸರು ತೋರಿಸಿ, "ನೋಡ್ರಿ, ರಾಜ್ಯದಾಗ ಹನ್ನೊಂದನೇ ನಂಬರ" ಎನ್ನತೊಡಗಿದ. ಕಂಪನಿಯವರು ಬಹುಮಾನವೆಂದು ಕಳಿಸಿದ ಕಪ್ಪು ಟಿ-ಶರ್ಟು ಗಂಡಸರ ಅಳತೆಯದಾಗಿತ್ತು. ಅದನ್ನು ತೊಟ್ಟು ಗೋಕಾಕದಲ್ಲಿ ಒಂದು ಮದುವೆಯನ್ನೂ ಮುಗಿಸಿ ಬಂದ. ಒಗೆಯುವ ದಿನ ದಾಕ್ಷಾಯಿಣಿ ಅದೊಂದನ್ನು ಮಾತ್ರ ಕಲ್ಲಿಗೆ ತುಸು ಜೋರಾಗಿ ಬಡಿಯುತ್ತಿದ್ದಳು.

ರವಿವಾರ ಮಧ್ಯಾಹ್ನ ಇಬ್ಬರು ಬಂದರು. ಟೈರ್ ಅಂಗಡಿಯ ತಾಜುದ್ದೀನ, ಮತ್ತು ಹುಕ್ಕೇರಿ ಬಸ್ಸಿನಲ್ಲಿ ಮೂವತ್ತು ವರ್ಷ ಟಿಕೆಟ್ ಹರಿದು ನಿವೃತ್ತರಾದ ರಾಜಪ್ಪ ಕಾಕಾ. ಸತ್ತವರ ಮನೆಗೆ ಹೋದವರಂತೆ ತಾಜುದ್ದೀನ ಬಾಗಿಲಲ್ಲೇ ತಲೆ ತಗ್ಗಿಸಿ ನಿಂತ.

"ಮಾತಾಡ್ಸಾಕ ಬಂದೇವಪಾ ಬಸ್ಯಾ. ಹೋಗಿದ್ದು ಹೋತು, ಗಟ್ಟ್ಯಾಗು."

"ಆಟದ ತಿಥಿ ಎಷ್ಟನೇ ದಿನಕ್ಕ ಮಾಡ್ತಿ?" ಎಂದರು ಕಾಕಾ. "ಮೂರಕ್ಕ ಮಾಡೋದಿದ್ರ ಇವತ್ತ ಊಟಕ್ಕ ಕೂಡ್ತೇವಿ."

ನಗೆ ಮುಗಿದ ಮೇಲೆ ತಾಜುದ್ದೀನ ಕಿಸೆಯಿಂದ ಹೊಸ ಇಸ್ಪೀಟಿನ ಕಟ್ಟು ತೆಗೆದ. "ಮೊಬೈಲ ಹೋದ್ರ ಹೋಗ್ಲಿ. ರೊಕ್ಕಿಲ್ಲದ ಆಡೂಣು. ವೈನಿ, ಒಂದ ಬುಟ್ಟಿ ಶೇಂಗಾ ಕೊಡ್ರಿ. ಹನ್ನೊಂದನೇ ನಂಬರಿನವ ಹೆಂಗ ಆಡ್ತಾನ, ಕಣ್ಣಾರೆ ನೋಡ್ತೇವಿ."

ಬಸವಲಿಂಗ ಒಮ್ಮೆ ಹೆಂಡತಿಯನ್ನು ನೋಡಿದ. ಆಕೆ ಶೇಂಗಾ ತರಲು ಒಳಗೆ ಹೋದಳು.

ಕೈಯಲ್ಲಿ ಎರಡು ಎಲೆ, ಚಾಪೆಯ ನಡುವೆ ಎಲ್ಲರಿಗೂ ಸೇರಿದ ಐದು. ಪಣಕ್ಕೆ ಶೇಂಗಾ. ಬಸವಲಿಂಗನಿಗೆ ಬಂದಿದ್ದವು ಎರಡರ ಒಂದು ಎಲೆ, ಏಳರ ಒಂದು ಎಲೆ. ಅದಕ್ಕಿಂತ ಕೆಟ್ಟ ಜೋಡಿ ಆ ಆಟದಲ್ಲಿಲ್ಲ. ಹಿಂದೆ ನಿಂತ ದಾಕ್ಷಾಯಿಣಿಗೆ ಅದು ಕಂಡಿತು. ಆತ ಏನೂ ತಿಳಿಯದೆ ತನ್ನ ಮುಂದಿನ ಗುಡ್ಡೆಯನ್ನೆಲ್ಲ ನಡುವೆ ನೂಕಿದ. ಉಳಿದಿಬ್ಬರೂ ಹೆದರಿ ಎಲೆ ಚೆಲ್ಲಿದರು. ಆತ ತಿರುವಿ ತೋರಿಸಿದಾಗ ತಾಜುದ್ದೀನ ತೊಡೆ ತಟ್ಟಿಕೊಂಡ.

"ಎರಡು-ಏಳಕ್ಕ ಇಷ್ಟ ಧೈರ್ಯ! ಕಾಕಾ, ನಂಬರ ಸುಮ್ನ ಬರೂದಿಲ್ಲ ಖರೆ!"

ಆ ಹೊಗಳಿಕೆಗಿಂತಲೂ ಎಲೆ ಹಿಡಿದ ಗಂಡನ ಬೆರಳುಗಳನ್ನು ನೋಡಿ ದಾಕ್ಷಾಯಿಣಿಗೆ ಉರಿಯಿತು. ಮೂರು ವರ್ಷ ಆಡಿದವಳು ಒಂದು ದಿನವೂ ನಿಜವಾದ ಎಲೆ ಮುಟ್ಟಿರಲಿಲ್ಲ. ಆತನಿಗೆ ಎಲೆಗಳೂ ಇದ್ದವು, ಎದುರಿಗೆ ಮುಖಗಳೂ ಇದ್ದವು.

ಅಷ್ಟರಲ್ಲಿ ಫೋನು ಬಂತು. ಕುಲಗೋಡದ ರೈತನೊಬ್ಬ ಮೋಟಾರು ಒಯ್ಯಲು ಅಂಗಡಿಯ ಮುಂದೆ ನಿಂತಿದ್ದ. ಬಸವಲಿಂಗ ಬದುಕಿದೆನೆಂಬಂತೆ ಎದ್ದ.

"ದಾಕ್ಷಿ, ನನ್ನ ಜಾಗಾದಾಗ ಕೂಡು. ಆಡಾಕ ಹೋಗಬ್ಯಾಡ ಮತ್ತ. ನಿನ್ನ ಪಾಳಿ ಬಂದಾಗ ಪ್ಯಾಕ್ ಅಂತ ಎಲಿ ಇಟ್ಟಬಿಡು."

ಆಕೆ ಕೂತಳು. ಎಲೆಗಳು ನುಣ್ಣಗೆ, ತುಸು ತಣ್ಣಗಿದ್ದವು. ಮೊದಲ ಎರಡು ಆಟ ನಿಜಕ್ಕೂ ಪ್ಯಾಕ್ ಎಂದಳು. ಎಲೆ ನೋಡದೆ ಮುಖ ನೋಡಿದಳು. ತಾಜುದ್ದೀನ ಒಳ್ಳೆಯ ಎಲೆ ಬಂದರೆ ಶೇಂಗಾ ಸುಲಿಯುವುದನ್ನೇ ಮರೆಯುತ್ತಿದ್ದ. ಕಾಕಾ ಕೈಯಲ್ಲೇನೂ ಇಲ್ಲದೆ ಸುಳ್ಳು ಆಡುವಾಗ ಚಷ್ಮಾ ಸರಿಮಾಡಿಕೊಳ್ಳುತ್ತಿದ್ದರು. ಇಷ್ಟು ಸಲೀಸೇ! ಮೂರನೆಯ ಆಟದಿಂದ ಆಕೆ ಆಡಿದಳು. ಅರ್ಧ ತಾಸಿನಲ್ಲಿ ತಾಜುದ್ದೀನನ ಮುಂದೆ ಬರೀ ಸಿಪ್ಪೆ ಉಳಿದಿತ್ತು.

"ಅಯ್ಯಯ್ಯ ವೈನಿ, ನನ್ನ ದಿವಾಳಿ ತಗದ್ರಿ!" ಬುಟ್ಟಿಯಿಂದ ಇನ್ನೊಂದು ಹಿಡಿ ಎತ್ತಿಕೊಂಡು ಆತ ಮತ್ತೆ ಕೂತ.

"ಏನ ಕಲಿಸ್ಯಾನವ್ವ ಬಸು!" ಎಂದು ಕಾಕಾ ಬೆರಗಾದರು. "ಹೆಂಡ್ತೀನ ಇಷ್ಟ ತಯಾರ ಮಾಡ್ಯಾನಂದ್ರ, ಅವನ ಆಟ ಹೆಂಗಿರಬೇಕು!"

ದಾಕ್ಷಾಯಿಣಿ ಗೆದ್ದರೂ ಗೆಲುವು ಆತನದೇ.

ಹೊಸ ಎಲೆ ಹಂಚಿ, ನಡುವೆ ಮೂರು ತೆರೆದಿದ್ದಾಗ ಬಸವಲಿಂಗ ಕೈ ಒರೆಸಿಕೊಳ್ಳುತ್ತ ಒಳಗೆ ಬಂದ.

"ಬಾರೋ ಗುರುವ!" ಎಂದ ತಾಜುದ್ದೀನ. "ಮನ್ಯಾಗೂ ಸಾಲಿ ತಗದಿ ಏನ?"

ಬಸವಲಿಂಗ ಹೆಂಡತಿಯ ಮುಂದಿನ ಗುಡ್ಡೆ ನೋಡಿದ, ಆಕೆಯ ಮುಖ ನೋಡಲಿಲ್ಲ. "ಹೂಂ ಮತ್ತ. ದಿನಾ ನಾ ಆಡೂದ ನೋಡ್ತಿರ್ತಾಳ. ಅಷ್ಟಿಷ್ಟ ಹೇಳಿಕೊಟ್ಟೇನಿ." ಬಗ್ಗಿ ಅದೇ ಗುಡ್ಡೆಯಿಂದ ಒಂದು ಹಿಡಿ ಎತ್ತಿ, ಸುಲಿದು ಬಾಯಿಗೆ ಹಾಕಿಕೊಂಡ.

ದಾಕ್ಷಾಯಿಣಿ ಸರಿದು ಚಾಪೆಯ ಮೇಲೆ ಆತನಿಗೆ ಜಾಗ ಮಾಡಿದಳು. ಆತ ಕೂತ. ತನ್ನ ಎರಡೂ ಎಲೆಗಳನ್ನು ಆತನೊಬ್ಬನಿಗೇ ಕಾಣುವಂತೆ ಹಿಡಿದಳು.

"ಕೇಳ್ರಿ," ಎಂದಳು, ಅಡುಗೆಗೆ ಏನು ಮಾಡಲಿ ಎಂದು ಕೇಳುವ ದನಿಯಲ್ಲಿ. "ತಾಜುಭಾಯಿ ಇಪ್ಪತ್ತು ಇಟ್ಟಾರ. ನಾ ಈಗ ಏನ ಮಾಡ್ಲಿ? ಯಾಕ ಅಂತನೂ ಹೇಳ್ರಿ. ಕಾಕಾನೂ ಕಲೀಲಿ."

ಬಸವಲಿಂಗ ಎಲೆ ನೋಡಿದ. ನಡುವಿನ ಮೂರನ್ನು ನೋಡಿದ. ಮತ್ತೆ ಎಲೆ ನೋಡಿದ.

"ಹೇಳೋ ಮಾರಾಯಾ," ಎಂದ ತಾಜುದ್ದೀನ.

ಫ್ಯಾನಿನ ಗಾಳಿಗೆ ಕಟ್ಟಿನ ಮೇಲಿನ ಎಲೆ ತುಸು ಎದ್ದಿತು. ರಾಜಪ್ಪ ಕಾಕಾ ಅದರ ಮೇಲೆ ಬೆರಳಿಟ್ಟು, ಬಸವಲಿಂಗನ ಬಾಯಿಯನ್ನೇ ನೋಡುತ್ತ ಕುಳಿತರು.