ಗುಮ್ಮನ ಕೊನೆಯ ತಾಲೀಮು

ಉಪಗ್ರಹಕ್ಕೆ ಕಾಟ ಕೊಡುವುದೇ ಅವಳ ಕೆಲಸ. ಅದಕ್ಕೇ ಎಲ್ಲರೂ ಅವಳನ್ನು ಗುಮ್ಮ ಅನ್ನುತ್ತಿದ್ದರು. ಗಾಜಿನಾಚೆ ಕೂತವರು ಸಿಮ್ಯುಲೇಟರಿನೊಳಗಿನ ನಕಲಿ ಉಪಗ್ರಹವನ್ನು ನಡೆಸುತ್ತಾರೆ. ಈಚೆ ಕೂತು ಇವಳು ಅದರ ಒಂದೊಂದೇ ಭಾಗ ಕೆಡಿಸುತ್ತಾಳೆ. ಇದು ಕೊನೆಯ ತಾಲೀಮು. ಮುಖ್ಯಸ್ಥರು ಸಹಿ ಹಾಕಿದರೆ ನಾಳೆ ಬೆಳಿಗ್ಗೆ ನಿಜವಾದ ಉಪಗ್ರಹ ರಾಕೆಟ್ಟಿನೊಳಗೆ ಹೋಗುತ್ತದೆ. ಆಮೇಲೆ ಯಾರೂ ಮುಟ್ಟುವಂತಿಲ್ಲ.

ಹನ್ನೊಂದು ಗಂಟೆಗೆ ಅವಳು ಅದನ್ನು ಗಿರಗಿರನೆ ತಿರುಗಿಸಿಬಿಟ್ಟಳು. ಅದು ತಾನೇ ಸೂರ್ಯನನ್ನು ಹುಡುಕಿ, ಫಲಕಗಳನ್ನು ಅತ್ತ ಮಾಡಿ ನಿಂತಿತು. ಒಂಬತ್ತು ನಿಮಿಷ, ನಾಲ್ಕು ಸೆಕೆಂಡು. ಗುಮ್ಮನಿಗೆ ವಯಸ್ಸಾಯ್ತು ಎಂದು ಆಚೆಯಿಂದ ಯಾರೋ ಹಂಗಿಸಿದರು.

ಅವಳು ನಗಲಿಲ್ಲ. ಮೂರು ತಿಂಗಳ ಹಿಂದೆಯೂ ಒಂಬತ್ತು ನಿಮಿಷ, ನಾಲ್ಕು ಸೆಕೆಂಡೇ. ಅಂದರೆ ಸಿಮ್ಯುಲೇಟರಿನಲ್ಲಿ ನಡುವೆ ಏನೂ ಬದಲಾಗಿಲ್ಲ. ಆದರೆ ನಿಜವಾದ ಉಪಗ್ರಹದಲ್ಲಿ ಬದಲಾಗಿತ್ತು, ಅವಳಿಗೆ ಈಗ ನೆನಪಾಯಿತು.

ಅವಳ ಅಣ್ಣ ಜೋಡಣೆ ಕೋಣೆಯ ಫಿಟ್ಟರ್. ಹೋದ ತಿಂಗಳು ಮನೆಯಲ್ಲಿ ಪಾತ್ರೆ ತೊಳೆಯುತ್ತ ಹೇಳಿದ್ದ: ಸೂರ್ಯನನ್ನು ನೋಡುವ ಸೆನ್ಸರಿಗೆ ಕೇಬಲ್ ಎಟುಕಲಿಲ್ಲ, ತಲೆಕೆಳಗು ಮಾಡಿ ಕೂರಿಸಿದೆ, ಎಲ್ಲರಿಗೂ ತಿಳಿಸಿಬಿಡು. ಬೇರೆಯವರಾಗಿದ್ದರೆ ಚೀಟಿ ಬರೆದು ಕಳಿಸುತ್ತಿದ್ದ. ತಂಗಿಗೆಂಥ ಚೀಟಿ? ಅವಳೂ ಹೂಂ ಅಂದು, ತಟ್ಟೆ ಒರೆಸಿಟ್ಟು, ಮರೆತಿದ್ದಳು. ಚೀಟಿ ಇಲ್ಲದೆ ಉಪಗ್ರಹದ ಪ್ರೋಗ್ರಾಂ ಬರೆಯುವವರಿಗೂ ಸುದ್ದಿ ಮುಟ್ಟಿರಲಿಲ್ಲ.

ಅಣ್ಣನಿಗೆ ಫೋನ್ ಮಾಡಿದಳು. ಸೆನ್ಸರಿನ ಮಾತು ಯಾರಿಗೂ ಹೇಳಿಲ್ಲ, ಈಗ ಹೇಳುತ್ತೇನೆ ಅಂದಳು.

"ಹೇಳಿದ್ರೆ ನನ್ನ ಕೆಲಸ ಹೋಗುತ್ತೆ ಕಣೇ."

"ನಂದೂ ಹೋಗುತ್ತೆ."

ಫೋನಿಟ್ಟು, ಸಿಮ್ಯುಲೇಟರಿನಲ್ಲಿ ಸೆನ್ಸರನ್ನು ತಲೆಕೆಳಗು ಮಾಡಿ ಮತ್ತೆ ಓಡಿಸಿದಳು. ಉಪಗ್ರಹ ಸೂರ್ಯನಿಗೆ ಬೆನ್ನು ಹಾಕಿ ನಿಂತಿತು. ಗುಮ್ಮನ ಕಿತಾಪತಿ ಎಂದುಕೊಂಡು ಆಚೆಯವರು ಆಜ್ಞೆಯ ಮೇಲೆ ಆಜ್ಞೆ ಕಳಿಸಿದರು. ಬ್ಯಾಟರಿ ಅರವತ್ತು, ನಲವತ್ತು, ಹದಿನೈದು. ಐವತ್ತನೇ ನಿಮಿಷಕ್ಕೆ ಪರದೆ ಖಾಲಿ.

ಮುಖ್ಯಸ್ಥರು ಪೆನ್ನು ಹಿಡಿದುಕೊಂಡೇ ಬಂದರು.

"ಕೊನೇ ದಿನ ಇದೇನಮ್ಮ ತರಲೆ?"

"ತರಲೆ ಅಲ್ಲ ಸರ್. ನಾಳೆ ಹೋಗೋದು ಹೀಗೇ ಇದೆ."

ಎಲ್ಲ ಹೇಳಿದಳು, ಪಾತ್ರೆ ತೊಳೆದದ್ದನ್ನೂ ಬಿಡದೆ. ಅವರು ಬೈಯಲಿಲ್ಲ. ಪೆನ್ನಿನ ಮುಚ್ಚಳ ಹಾಕಿದರು.

"ಅಡುಗೆಮನೆಯಲ್ಲಿ ಹೇಳಿಕೊಂಡದ್ದು ಇನ್ನೆಷ್ಟಿದೆ?"

ಅವಳು ಬೆರಳು ಮಡಚಿ ಎಣಿಸತೊಡಗಿದಳು.

ಉಡಾವಣೆ ಮುಂದಕ್ಕೆ ಹೋಯಿತು. ಗುಮ್ಮನ ಕುರ್ಚಿಗೆ ಬೇರೊಬ್ಬರು ಬಂದರು. ಮುಖ್ಯಸ್ಥರು ಅಣ್ಣ ತಂಗಿಯರನ್ನು ಒಂದು ಮೇಜಿನ ಮುಂದೆ ಕೂರಿಸಿ, ನೆನಪಾದದ್ದನ್ನೆಲ್ಲ ಒಂದೊಂದು ಚೀಟಿಯಲ್ಲಿ ಬರೆಯಿರಿ, ನಿಮ್ಮ ಕೆಲಸದ ಮಾತು ಆಮೇಲೆ ಅಂದರು. ಸಂಜೆಯೊಳಗೆ ಏಳು ಚೀಟಿಗಳಾದವು.