ತೋಟಾ ಎಷ್ಟು ಉದ್ದವಿರಬೇಕು

ತೊಂಬತ್ತಾರರ ಬೇಸಿಗೆಯಲ್ಲಿ ಅರಳಗುಪ್ಪೆಯ ವೆಂಕಟಯ್ಯನ ತೆಂಗಿನ ತೋಟಕ್ಕೆ ಕೋತಿಗಳ ದಂಡು ಬಂತು. ಎಳನೀರು ಕಿತ್ತು, ಎರಡು ಗುಟುಕು ಕುಡಿದು, ಉಳಿದದ್ದನ್ನು ಬಿಸಾಡುತ್ತಿದ್ದವು. ಅವನ ಹತ್ತಿರ ಲೈಸೆನ್ಸಿನ ಒಂಟಿ ನಳಿಗೆಯ ಕೋವಿಯಿತ್ತು. ಹಂದಿಗೆಂದು ಎತ್ತಿಟ್ಟ ಒಂದನ್ನು ಬಿಟ್ಟರೆ ಅದಕ್ಕೆ ತೋಟಾ ಇರಲಿಲ್ಲ. ತುಮಕೂರಿನ ಅಂಗಡಿಯಲ್ಲೂ ಮುಗಿದಿತ್ತು. ಹಾರಿಸಿ ಉಳಿದ ಕಾಗದದ ಖಾಲಿ ತೋಟಾಗಳಿಗೆ ತಾನೇ ಮದ್ದು ತುಂಬುವುದೆಂದು ನಿರ್ಧರಿಸಿ, ತಿಪಟೂರಿನಲ್ಲಿ ಪಂಪ್‌ಸೆಟ್ ರಿಪೇರಿ ಮಾಡುತ್ತಿದ್ದ ಗೆಳೆಯ ಕರೀಂ ಸಾಬರನ್ನು ಕರೆಸಿದ.

ಇಬ್ಬರಿಗೂ ಈ ಕೆಲಸ ಗೊತ್ತಿರಲಿಲ್ಲ. ಗೊತ್ತಿಲ್ಲವೆಂದು ಒಪ್ಪುವ ಸ್ವಭಾವವೂ ಇಬ್ಬರದಲ್ಲ.

ತೋಟಾ ಉದ್ದವಿದ್ದಷ್ಟೂ ಏಟು ದೂರ ಹೋಗುತ್ತದೆಂಬುದು ವೆಂಕಟಯ್ಯನ ವಾದ. ಮದ್ದಿನ ಮೇಲೆ ತೆಂಗಿನ ನಾರು ಗಿಡಿದು, ಅದರ ಮೇಲೆ ಸೀಸದ ಚರೆಗುಂಡು ಸುರಿದ. ತೋಟಾದ ಬಾಯಿ ಮಡಿಸಲು ಜಾಗವೇ ಉಳಿಯಲಿಲ್ಲ. ನಳಿಗೆಗೆ ತುರುಕಿದರೆ ತೋಟಾ ಅರ್ಧ ಬೆರಳು ಹೊರಗೇ ನಿಂತು, ಕೋವಿ ಮುಚ್ಚಲಿಲ್ಲ. ಅವನು ಸುತ್ತಿಗೆ ಹುಡುಕುವುದನ್ನು ಕಂಡ ಹೆಂಡತಿ ಸುವರ್ಣಮ್ಮ ಅದನ್ನು ರಾಗಿ ಚೀಲದೊಳಗೆ ಬಚ್ಚಿಟ್ಟಳು.

ಗಿಡ್ಡ ತೋಟಾವೇ ಸಲೀಸು ಎಂದ ಕರೀಂ ಸಾಬರು ಮರುದಿನ ಇನ್ನೊಂದರ ಬಾಯಿ ಕತ್ತರಿಸಿ, ಚರೆಯ ಮೇಲೊಂದು ರಟ್ಟಿನ ಬಿಲ್ಲೆಯನ್ನು ಮೈದಾ ಗೋಂದಿನಿಂದ ಅಂಟಿಸಿದರು. ಕೋವಿ ಟಕ್ಕನೆ ಮುಚ್ಚಿತು. ವೆಂಕಟಯ್ಯ ನಳಿಗೆ ಕೆಳಗೆ ಮಾಡಿಕೊಂಡು ಗತ್ತಿನಿಂದ ತೋಟಕ್ಕೆ ನಡೆದ. ಬಿಲ್ಲೆ ಕಳಚಿ ದಾರಿಯುದ್ದಕ್ಕೂ ಚರೆ ಉದುರಿದ್ದು ಇಬ್ಬರಿಗೂ ಕಾಣಲಿಲ್ಲ. ಕೋವಿ ಎತ್ತಿ ಹಾರಿಸಿದರೆ ಬುಸ್ಸೆಂದು ಹೊಗೆ ಬಂದು, ಒಂದು ಹಿಡಿ ನಾರು ಮುಂದೆ ಬಿತ್ತು. ಮರಿಕೋತಿಯೊಂದು ಇಳಿದು ಬಂದು ಅದನ್ನು ಮೂಸಿ, ಮತ್ತೆ ಮರ ಹತ್ತಿತು.

ಆಮೇಲೆ ದಿನವೂ ಮಧ್ಯಾಹ್ನ ಜಗಲಿಯಲ್ಲಿ ಇದೇ ವಾದ. ಕಾಫಿ ಕೊಟ್ಟು ಕೊಟ್ಟು ಸಾಕಾದ ಸುವರ್ಣಮ್ಮ ಕೊನೆಗೆ ಬಾಯಿಬಿಟ್ಟಳು.

“ಹಂದಿಗೆ ಇಟ್ಟಿರೋ ಅಂಗಡಿ ತೋಟಾನ ಪಕ್ಕದಾಗಿಟ್ಕಂಡು ಅದ್ರಷ್ಟೇ ಉದ್ದ ಮಾಡ್ರೀ.”

ಅದು ತಮಗೆ ಮೊದಲೇ ಹೊಳೆದಿತ್ತೆಂದು ಇಬ್ಬರೂ ಹೇಳಿದರು. ನಾರು ಕಡಿಮೆ ಮಾಡಿ, ಬಾಯಿ ಒಳಕ್ಕೆ ಮಡಿಸಿ ನಿಲ್ಲಿಸಿದರೆ ಎರಡೂ ತೋಟಾ ಸರಿಸಮನಾಗಿದ್ದವು. ತೋಟದಲ್ಲಿ ವೆಂಕಟಯ್ಯ ದೊಡ್ಡ ಗಡವ ಕೋತಿಗೆ ಗುರಿಯಿಟ್ಟ. ಅದು ಅವನನ್ನೇ ನೋಡಿತು. ಮನಸ್ಸು ಬಾರದೆ ನಳಿಗೆಯನ್ನು ಆಕಾಶಕ್ಕೆತ್ತಿ ಹಾರಿಸಿದ. ಆ ಸದ್ದಿಗೆ ದಂಡೆಲ್ಲ ಕೆರೆಯಾಚೆಗೆ ಓಡಿತು.

ಎರಡು ದಿನ ವೆಂಕಟಯ್ಯ ಊರೆಲ್ಲ ಎದೆಯುಬ್ಬಿಸಿಕೊಂಡು ತಿರುಗಿದ. ಕರೀಂ ಸಾಬರು ತಿಪಟೂರಿಗೆ ಮರಳಿದ್ದರಿಂದ ಮೂರನೆಯ ಮಧ್ಯಾಹ್ನ ಜಗಲಿಯಲ್ಲಿ ಜೊತೆಗೆ ಯಾರೂ ಇರಲಿಲ್ಲ. ಒಳಗೆ ಬಂದವನು ಸಾರಿಗೆ ಎಷ್ಟು ಹುಣಿಸೆಹಣ್ಣು ಹಾಕಬೇಕೆಂದು ಸುವರ್ಣಮ್ಮನ ಜೊತೆ ವಾದಕ್ಕಿಳಿದ. ಮರುದಿನ ಹುರುಳಿ ಹೇಗೆ ಬೇಯಿಸಬೇಕೆಂದು ಹೇಳಿಕೊಡಲು ಬಂದ. ಅವಳು ತಿಪಟೂರಿನ ಬಸ್ಸಿನವನ ಕೈಲಿ, ಪಂಪು ಕೆಟ್ಟಿದೆ, ಬೇಗ ಬರಬೇಕೆಂದು ಕರೀಂ ಸಾಬರಿಗೆ ಹೇಳಿಕಳಿಸಿದಳು.

ಸಾಬರು ಬಂದು ಸ್ವಿಚ್ ಒತ್ತಿದರು. ನೀರು ಭರ್ರನೆ ಸುರಿಯಿತು.

“ಚೆನ್ನಾಗೇ ಓಡ್ತೈತಲ್ಲಮ್ಮ?”

“ಕೆಟ್ಟಿರೋದು ನಮ್ಮನೆಯೋರು ಸಾಬ್ರೇ. ಕೂತ್ಕಳಿ, ಕಾಫಿ ತತ್ತೀನಿ.”

ಅವಳು ಲೋಟ ಹಿಡಿದು ಬರುವಷ್ಟರಲ್ಲಿ, ಪಂಪಿನ ಸದ್ದು ಸರಿಯಿಲ್ಲವೆಂದು ವೆಂಕಟಯ್ಯ, ಸರಿಯಿದೆಯೆಂದು ಕರೀಂ ಸಾಬರು ಶುರುಮಾಡಿದ್ದರು.